ಬೆಂಡಿನ ಲೆಕ್ಕ, ಕಾಳಿನ ಲೆಕ್ಕ

2025ರ ದೀಪಾವಳಿಗೆ ನಾವೆಲ್ಲ ನ್ಯಾಮತಿಯಲ್ಲಿ ತಮ್ಮನ ಮನೆಯಲ್ಲಿ ಸೇರಿದ್ದೆವು. ನಾನು ಹೊನ್ನಾಳಿಯಿಂದ, ಅಕ್ಕ ಚನ್ನಗಿರಿಯಿಂದ, ತಂಗಿ ಮತ್ತು ಅವಳ ಯಜಮಾನರು ಜಗಳೂರಿನಿಂದ. ಅಂಗಳದ ತುಂಬ ಮೆಕ್ಕೆಜೋಳ ಒಣಗಲು ಹರವಿತ್ತು. ಎಂಟನೇ ತರಗತಿಯ ನನ್ನ ಮೊಮ್ಮಗಳು ಅದರ ಪಕ್ಕದಲ್ಲೇ ನೋಟ್‌ಬುಕ್ ಹಿಡಿದು ಕೂತಿದ್ದಳು. ರಜೆ ಮುಗಿಯುತ್ತಲೇ ಶಾಲೆಯಲ್ಲಿ ಚರ್ಚಾಸ್ಪರ್ಧೆ. ವಿಷಯ: ‘ಪೆಟ್ರೋಲಿಗೆ ನಮ್ಮ ಬೆಳೆಯೇ ಬದಲಿ’.

“ಅಜ್ಜ, ಪರ ಮಾತಾಡ್ಲಾ, ವಿರೋಧ ಮಾತಾಡ್ಲಾ?”

“ಮೊದಲು ಬದಲಿ ಯಾಕೆ ಬೇಕು ಅಂತ ತಿಳ್ಕೋ” ಎಂದೆ. 1973ರಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ಆ ಅಕ್ಟೋಬರಿನಲ್ಲಿ ಅರಬ್ ದೇಶಗಳು ಇಸ್ರೇಲಿನ ಜೊತೆ ಯುದ್ಧಕ್ಕಿಳಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಎಲ್ಲೋ ಮರುಭೂಮಿಯಲ್ಲಿ ಯುದ್ಧ, ಇಲ್ಲಿ ನಾನು ಸೀಮೆಎಣ್ಣೆ ಡಬ್ಬಿ ಹಿಡಿದು ಸಾಲಿನಲ್ಲಿ! ಇವತ್ತಿಗೂ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರಗಿನಿಂದಲೇ ಬರಬೇಕು.

ತಮ್ಮ ಒಂದು ಹಿಡಿ ಕಾಳು ಎತ್ತಿ ಅವಳ ಕೈಗೆ ಸುರಿದ. “ಬದಲಿ ಇಲ್ಲೇ ಐತಲ್ಲ!”

ಅವನ ಮಾತು ಸುಳ್ಳಲ್ಲ. ಮೆಕ್ಕೆಜೋಳ, ಕಬ್ಬು, ಅಕ್ಕಿಯ ನುಚ್ಚು ಇವನ್ನೆಲ್ಲ ಹುಳಿಹಿಡಿಸಿ, ಬಟ್ಟಿ ಇಳಿಸಿದರೆ ಎಥನಾಲ್ ಸಿಗುತ್ತದೆ. ಅದನ್ನು ಪೆಟ್ರೋಲಿಗೆ ಬೆರೆಸಬಹುದು. 2014ರಲ್ಲಿ ನಮ್ಮ ದೇಶದಲ್ಲಿ ಈ ಬೆರಕೆ ನೂರಕ್ಕೆ ಎರಡು ಪಾಲೂ ಇರಲಿಲ್ಲ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ರ ಹೊತ್ತಿಗೆ 20 ಪಾಲು ಬೆರೆಸಬೇಕೆಂದಿತು. ಆಮೇಲೆ ಗಡುವನ್ನು ಹಿಂದಕ್ಕೆ ತಂದರು. 2025ರಲ್ಲೇ ಆ ಗುರಿ ಮುಟ್ಟಿತು. ಬಂಕಿನಲ್ಲಿ ಕಾಣುವ ‘ಇ-20’ ಎಂಬ ಹೆಸರಿನ ಅರ್ಥ ಇದೇ.

ನಾವು ಲೆಕ್ಕ ಹಾಕಿದೆವು. ಒಂದು ಕ್ವಿಂಟಾಲ್ ಮೆಕ್ಕೆಜೋಳದಿಂದ ಸುಮಾರು 38 ಲೀಟರ್ ಎಥನಾಲ್ ಬರುತ್ತದೆ. ಎಕರೆಗೆ 20 ಕ್ವಿಂಟಾಲ್ ಬೆಳೆದರೆ 760 ಲೀಟರ್. ಹಿಂಡಿಯಂತೆ ಉಳಿಯುವ ಚರಟ ದನ, ಕೋಳಿಗಳ ಮೇವಿಗೆ ಆಗುತ್ತದೆ. ಮೊಮ್ಮಗಳು ಸಂತೋಷದಿಂದ ‘ಪರ’ ಎಂದು ಬರೆದುಕೊಂಡಳು.

ಅಷ್ಟರಲ್ಲಿ ಚನ್ನಗಿರಿಯ ಅಕ್ಕ ಒಳಗಿನಿಂದ ಬಂದಳು. “ಮತ್ತೆ ಕೋಳಿ ಏನು ತಿನ್ನಬೇಕು?”

ಮೊಟ್ಟೆಯಿಡುವ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮೆಕ್ಕೆಜೋಳ. ಅಂದರೆ ಒಂದು ಕ್ವಿಂಟಾಲಿನಲ್ಲಿ ಐದು ಕೋಳಿಗಳು ವರ್ಷವಿಡೀ ಬದುಕುತ್ತವೆ. 2024ರಲ್ಲಿ ಎಥನಾಲ್‌ಗೆ ಬೇಡಿಕೆ ಏರಿದಾಗ ಕೋಳಿ ಸಾಕುವವರು ಜೋಳ ದುಬಾರಿಯಾಯಿತೆಂದು ಗೋಳಾಡಿದರು. ಹೊರದೇಶದಿಂದ ಮೆಕ್ಕೆಜೋಳ ತರಿಸಬೇಕಾಯಿತು. ಈ ಸಲ ಅದು ತಿರುಗುಮುರುಗಾಗಿತ್ತು. ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ; ಮಾರುಕಟ್ಟೆಯಲ್ಲಿ ಸಿಗುತ್ತಿದ್ದುದು ಅದಕ್ಕಿಂತ ಬಹಳ ಕಡಿಮೆ. ತಮ್ಮ ಚೀಲ ತುಂಬದೆ ಕಾಯುತ್ತಿದ್ದುದು ಅದಕ್ಕೇ. “ಕೋಳಿಗೋ ಕಾರಿಗೋ, ಯಾರಾದರೂ ಸರಿಯಾದ ಬೆಲೆಗೆ ತಗೊಂಡರೆ ಸಾಕು” ಎಂದ. ಅವನ ನಗುವಿನಲ್ಲಿ ಸಂತೋಷ ಇರಲಿಲ್ಲ.

“ನಮ್ಮಲ್ಲಿ ಗಾಳಿ ಐತಿ, ಅದಕ್ಕೆ ಬೀಜ ಗೊಬ್ಬರ ಏನೂ ಬೇಡ” ಎಂದರು ಜಗಳೂರಿನ ಭಾವ. ಮಳೆ ಕಡಿಮೆಯ ಅವರ ತಾಲ್ಲೂಕಿನಲ್ಲಿ ಈಗ ಎತ್ತ ನೋಡಿದರೂ ಗಾಳಿಯಂತ್ರ. ಆ ಕರೆಂಟಿನಿಂದ ಸ್ಕೂಟರ್, ಬಸ್ಸು ಓಡಿದರೆ ತೈಲ ಉಳಿಯುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬೀಸುವ ಗಾಳಿ ವರ್ಷವಿಡೀ ಬೀಸುವುದಿಲ್ಲ. ಬಿಸಿಲು ರಾತ್ರಿ ಇರುವುದಿಲ್ಲ. ಹೆಚ್ಚಾದ ಕರೆಂಟನ್ನು ಕೂಡಿಡಬೇಕು. ಅದಕ್ಕಾಗಿಯೇ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಭೂಗತ ಯೋಜನೆ ಹಾಕಿದ್ದಾರೆ: ಕರೆಂಟು ಹೆಚ್ಚಿದ್ದಾಗ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತುವುದು, ಬೇಕಾದಾಗ ಕೆಳಗೆ ಬಿಡುವುದು. ಅಲ್ಲಿ ಸಿಂಗಳೀಕಗಳ ಕಾಡಿದೆ ಎಂದು ಪರಿಸರದವರು ವಿರೋಧಿಸುತ್ತಿದ್ದಾರೆ.

“ಗಾಳಿಗೂ ಖರ್ಚು ಇದೆ ಹಾಗಾದರೆ!” ಎಂದಳು ಮೊಮ್ಮಗಳು. ‘ಪರ’ ಎಂದು ಬರೆದಿದ್ದನ್ನು ಹೊಡೆದುಹಾಕಿದಳು.

ಅಕ್ಕನ ಹಿತ್ತಿಲಲ್ಲಿ ಒಂದು ಗೋಬರ್ ಗ್ಯಾಸ್ ಗುಂಡಿ ಇದೆ. ಒಲೆ ಉರಿಯುತ್ತಿತ್ತು, ಬಗ್ಗಡ ಅಡಿಕೆ ತೋಟಕ್ಕೆ ಹೋಗುತ್ತಿತ್ತು. ದೇಶದ ಅಡುಗೆ ಅನಿಲದಲ್ಲೂ ಅರ್ಧಕ್ಕಿಂತ ಹೆಚ್ಚು ಹೊರಗಿನದು, ಹಾಗಾಗಿ ಇದೂ ತೈಲದ ಬದಲಿಯೇ. ಆದರೆ ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. “ದನ ಮಾರಿದ ಮೇಲೆ ಗುಂಡಿಗೆ ಏನು ಹಾಕಲಿ?” ಎಂದಳು ಅಕ್ಕ. ನಾಲ್ಕು ವರ್ಷದಿಂದ ಅದರ ಮೇಲೆ ಸೌದೆ ಒಟ್ಟಿದ್ದಾಳೆ.

ಆಗ ತಮ್ಮ ಕಾಳು ಬಿಡಿಸಿದ ಬೆಂಡುಗಳ ರಾಶಿ ತೋರಿಸಿ, “ಇದರಿಂದ ಆಗಲ್ವಾ?” ಎಂದ. ಆಗುತ್ತದೆ. ಕಾಳನ್ನು ಮುಟ್ಟದೆ ಬೆಂಡು, ದಂಟು, ಹುಲ್ಲಿನಿಂದಲೇ ಎಥನಾಲ್ ತೆಗೆಯುವ ವಿದ್ಯೆ ಇದೆ. ಹರಿಯಾಣದ ಪಾಣಿಪತ್‌ನಲ್ಲಿ 2022ರಲ್ಲಿ ಭತ್ತದ ಹುಲ್ಲಿನ ಘಟಕ ಉದ್ಘಾಟನೆಯಾಯಿತು. ನಮ್ಮ ಹರಿಹರದಲ್ಲೂ ದಿನಕ್ಕೆ 60 ಸಾವಿರ ಲೀಟರಿನ ಅಂಥದೇ ಘಟಕಕ್ಕೆ ಮಂಗಳೂರಿನ ಎಂಆರ್‌ಪಿಎಲ್ ಯೋಜನೆ ಹಾಕಿತ್ತು. ಗಟ್ಟಿ ನಾರನ್ನು ಮೊದಲು ಸಕ್ಕರೆಯಾಗಿಸಬೇಕು. ಅದು ಕಾಳಿನಷ್ಟು ಸುಲಭವಲ್ಲ, ಖರ್ಚೂ ಹೆಚ್ಚು. ದಂಟನ್ನೆಲ್ಲ ಕೊಟ್ಟರೆ ದನಕ್ಕೆ ಮೇವೂ ಉಳಿಯಬೇಕಲ್ಲ?

ರಾತ್ರಿ ಮೊಮ್ಮಗಳು ಭಾಷಣ ಓದಿ ತೋರಿಸಿದಳು. ‘ಪರ’ವಾಗಿಯೇ ಬರೆದಿದ್ದಳು, ಆದರೆ ಮೂರು ಷರತ್ತು ಹಾಕಿದ್ದಳು. ಬೆಲೆ ಬಿದ್ದ ವರ್ಷ ಕಾಳು ಇಂಧನಕ್ಕೆ ಹೋಗಲಿ, ಕೊರತೆಯ ವರ್ಷ ಮೊದಲು ಊಟಕ್ಕೂ ಮೇವಿಗೂ ಉಳಿಯಲಿ. ಬೆಂಡಿನ ಘಟಕಗಳು ಬೇಗ ಬರಲಿ. ಬಸ್ಸು, ಸ್ಕೂಟರು ಆದಷ್ಟು ಗಾಳಿ ಬಿಸಿಲಿನ ಕರೆಂಟಿನಲ್ಲಿ ಓಡಲಿ.

“ಷರತ್ತು ಹಾಕಿದರೆ ಬಹುಮಾನ ಸಿಗುತ್ತೇನಜ್ಜ?” ಎಂದು ಕೇಳಿದಳು.

“ಗೊತ್ತಿಲ್ಲ ಮಗಳೇ. ಆದರೆ ಚಿಕ್ಕಜ್ಜನ ಜೋಳಕ್ಕೂ ಅಕ್ಕಜ್ಜಿಯ ಕೋಳಿಗೂ ಮೋಸ ಆಗದ ಭಾಷಣ ಇದು” ಎಂದೆ.

ಮಕ್ಕಳೇ, ನಿಮ್ಮ ಊರಿನಲ್ಲಿ ಯಾವುದು ಹೆಚ್ಚು: ಗಾಳಿಯೋ, ಬಿಸಿಲೋ, ಸಗಣಿಯೋ, ಬೆಂಡೋ? ಅದು ಏನು ಕೊಡುತ್ತದೆ, ಏನು ಕೇಳುತ್ತದೆ ಎಂದು ಎರಡು ಸಾಲು ಮಾಡಿ ಬರೆಯಿರಿ. ಅಜ್ಜ ಅಜ್ಜಿಯರನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ. ಸೀಮೆಎಣ್ಣೆ ಸಾಲಿನಲ್ಲಿ ನಿಂತವರಿಗೆ ಲೀಟರಿನ ಬೆಲೆ ಚೆನ್ನಾಗಿ ಗೊತ್ತು.