ನಿಮಗಿದು ಗೊತ್ತೇ? ಲ್ಯಾಪ್‌ಟಾಪ್‌ಗೂ ಒಂದು ಸಿಮ್!

ಅತಿ ಅಗ್ಗದ ಫೋನಿಗೂ ಸಿಮ್ ಹಾಕುವ ಜಾಗ ಇರುತ್ತದೆ. ಲಕ್ಷ ರೂಪಾಯಿಯ ಲ್ಯಾಪ್‌ಟಾಪ್‌ನಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಇದು ಯಾರಿಗೂ ಹೊಳೆಯಲಿಲ್ಲ ಎಂದಲ್ಲ. ಇಪ್ಪತ್ತು ವರ್ಷಗಳಿಂದ ಕಂಪನಿಗಳು ಸಿಮ್ ಕೊಡಲು ನೋಡುತ್ತಲೇ ಇವೆ, ಕೊಳ್ಳುವವರು ಬೇಡ ಎನ್ನುತ್ತಲೇ ಇದ್ದಾರೆ. ಈ ಹಗ್ಗಜಗ್ಗಾಟದ ಕೆಲವು ಸಂಗತಿಗಳು ಇಲ್ಲಿವೆ.

ಶುರುವಾದದ್ದು ಹೀಗೆ

● ಒಂದು ಕಾಲದಲ್ಲಿ ವೈಫೈ ಕೂಡ ಬೇರೆಯಾಗಿ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ವಸ್ತುವಾಗಿತ್ತು. 1999ರಲ್ಲಿ ಬಂದ ಆಪಲ್ ಐಬುಕ್‌ಗೆ ವೈಫೈ ಕಾರ್ಡ್ ಬೇಕೆಂದರೆ 99 ಡಾಲರ್ ಹೆಚ್ಚು ತೆರಬೇಕಿತ್ತು.

● ಅದನ್ನು ಎಲ್ಲ ಲ್ಯಾಪ್‌ಟಾಪ್‌ಗಳ ಹೊಟ್ಟೆಗೆ ಸೇರಿಸಿದ ಶ್ರೇಯ ಬಹುಪಾಲು ಇಂಟೆಲ್‌ಗೆ ಸಲ್ಲಬೇಕು. 2003ರ ಮಾರ್ಚ್‌ನಲ್ಲಿ ಬಂದ 'ಸೆಂಟ್ರಿನೊ' ಸ್ಟಿಕ್ಕರ್ ಬೇಕಾದರೆ ತಯಾರಕರು ಪ್ರೊಸೆಸರ್, ಚಿಪ್‌ಸೆಟ್, ವೈಫೈ ಮೂರನ್ನೂ ಇಂಟೆಲ್‌ನಿಂದಲೇ ಕೊಳ್ಳಬೇಕಿತ್ತು. ಆ ಸ್ಟಿಕ್ಕರಿನ ಪ್ರಚಾರಕ್ಕೆ ಕಂಪನಿ ತೆಗೆದಿಟ್ಟದ್ದು 30 ಕೋಟಿ ಡಾಲರ್.

● ವೈಫೈ ಆದಮೇಲೆ ಮೊಬೈಲ್ ನೆಟ್‌ನ ಸರದಿ ಎಂದೇ ಎಲ್ಲರ ಲೆಕ್ಕ. 2005ರಲ್ಲೇ ಲೆನೊವೊದ ಥಿಂಕ್‌ಪ್ಯಾಡ್ ಜೆಡ್60 ಅಮೆರಿಕದ ವೆರೈಜಾನ್ ಜಾಲದ ಮೋಡೆಮನ್ನು ಒಳಗಿಟ್ಟುಕೊಂಡು ಬಂತು. ತೊಡಕು ಒಂದೇ: ಆ ಸಿಡಿಎಂಎ ಮೋಡೆಮ್‌ಗೆ ಯುರೋಪಿನ ಜಿಎಸ್‌ಎಂ ಜಾಲಗಳಲ್ಲಿ ಕೆಲಸವಿರಲಿಲ್ಲ.

● ಈ ತೊಡಕಿಗೆ 2007ರಲ್ಲಿ ಕ್ವಾಲ್‌ಕಾಮ್ ಕಂಡುಕೊಂಡ ಉತ್ತರ 'ಗೋಬಿ' ಚಿಪ್. ಎರಡೂ ಬಗೆಯ ಜಾಲಗಳು ಅದರಲ್ಲಿ ನಡೆಯುತ್ತಿದ್ದವು.

● 2008ರಲ್ಲಿ ಮೊಬೈಲ್ ಕಂಪನಿಗಳ ಜಾಗತಿಕ ಸಂಘ ಜಿಎಸ್‌ಎಂಎ, ಮೈಕ್ರೋಸಾಫ್ಟ್, ಡೆಲ್, ವೊಡಾಫೋನ್ ಮುಂತಾದ 16 ಕಂಪನಿಗಳನ್ನು ಕೂಡಿಸಿ 'ಮೊಬೈಲ್ ಬ್ರಾಡ್‌ಬ್ಯಾಂಡ್' ಮುದ್ರೆಯೊಂದನ್ನು ಹೊರತಂದಿತು. ಅದು ಸಿಮ್ ಇರುವ ಲ್ಯಾಪ್‌ಟಾಪ್‌ಗಳ ಗುರುತು. ಪ್ರಚಾರಕ್ಕೆಂದು ಘೋಷಿಸಿದ ಮೊತ್ತ 100 ಕೋಟಿ ಡಾಲರ್. ಆ ಮುದ್ರೆಯನ್ನು ನೀವು ಎಲ್ಲಾದರೂ ನೋಡಿದ ನೆನಪಿದೆಯೇ?

● ಫೋನಿಗೆ ಹೆಸರಾದ ನೋಕಿಯಾ ಕೂಡ ಲ್ಯಾಪ್‌ಟಾಪ್ ಮಾಡಿತ್ತು. 2009ರ 'ಬುಕ್‌ಲೆಟ್ 3ಜಿ'ಯ ಬೆಲೆ ಅಮೆರಿಕದಲ್ಲಿ 599 ಡಾಲರ್. ಎರಡು ವರ್ಷ ಎಟಿ ಅಂಡ್ ಟಿ ಡೇಟಾ ಬಿಲ್ ಕಟ್ಟುತ್ತೇನೆಂದು ಸಹಿ ಹಾಕಿದರೆ 299 ಡಾಲರ್‌ಗೇ ಸಿಗುತ್ತಿತ್ತು!

● 2010ರ ಡಿಸೆಂಬರ್‌ನಲ್ಲಿ ಗೂಗಲ್ ಪ್ರಯೋಗಕ್ಕೆಂದು ಹಂಚಿದ ಸಿಆರ್-48 ಕ್ರೋಮ್‌ಬುಕ್‌ನಲ್ಲಿ 3ಜಿ ಒಳಗೇ ಇತ್ತು. ಎರಡು ವರ್ಷ ಕಾಲ ತಿಂಗಳಿಗೆ 100 ಎಂಬಿ ಪುಕ್ಕಟೆ. ಇಂದು ಒಂದು ಸಣ್ಣ ವಿಡಿಯೊಗೇ ಅದು ಮುಗಿದುಹೋಗುತ್ತದೆ.

● ಇಷ್ಟೆಲ್ಲ ಪ್ರಯತ್ನಗಳ ಬುಡಕ್ಕೆ ಕೊಡಲಿ ಬಿದ್ದದ್ದೂ 2010ರಲ್ಲೇ. ಆ ವರ್ಷದ ಮೇ ತಿಂಗಳಲ್ಲಿ ಪ್ರಕಟವಾದ ಆಂಡ್ರಾಯ್ಡ್ 2.2, ಫೋನನ್ನೇ ವೈಫೈ ಹಾಟ್‌ಸ್ಪಾಟ್ ಮಾಡಿ ಎಂಟು ಸಾಧನಗಳಿಗೆ ನೆಟ್ ಹಂಚುವ ಸೌಲಭ್ಯ ತಂದಿತು. ಜೇಬಿನಲ್ಲಿರುವ ಸಿಮ್‌ಗೇ ದುಡ್ಡು ಕಟ್ಟುತ್ತಿರುವಾಗ ಎರಡನೆಯದೇಕೆ?

● ಹಾಟ್‌ಸ್ಪಾಟ್ ಮೊಬೈಲ್ ಕಂಪನಿಗಳಿಗೆ ಹಿಡಿಸಲಿಲ್ಲ. ಗ್ರಾಹಕರಿಗೆ ಹಾಟ್‌ಸ್ಪಾಟ್ ಆ್ಯಪ್‌ಗಳು ಸಿಗದಂತೆ ಮಾಡಿದ ಆರೋಪ ಹೊತ್ತ ವೆರೈಜಾನ್, 2012ರಲ್ಲಿ ಅಮೆರಿಕ ಸರ್ಕಾರದ ಖಜಾನೆಗೆ 12.5 ಲಕ್ಷ ಡಾಲರ್ ಕಟ್ಟಿ ರಾಜಿಯಾಯಿತು.

ನಮ್ಮಲ್ಲಿ ಏನಾಯಿತು?

● ಬೆಂಗಳೂರಿಗೆ 4ಜಿ ಬಂದಾಗ ಅದು ಫೋನಿನ ಸೇವೆಯೇ ಆಗಿರಲಿಲ್ಲ! 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತ, ಮೇ ತಿಂಗಳಲ್ಲಿ ಬೆಂಗಳೂರು. ಏರ್‌ಟೆಲ್ ಅದನ್ನು ಕೊಟ್ಟದ್ದು ಲ್ಯಾಪ್‌ಟಾಪ್‌ಗೆ ಚುಚ್ಚುವ ಡಾಂಗಲ್ ಮತ್ತು ಮನೆಯ ಮೋಡೆಮ್‌ಗಳ ಮೂಲಕ.

● ಡಾಂಗಲ್ ಚುಚ್ಚಿದ ಕೂಡಲೇ ಕಂಪ್ಯೂಟರಿನಲ್ಲಿ ಒಂದು ಸಿಡಿ ಡ್ರೈವ್ ಕಾಣಿಸಿಕೊಳ್ಳುತ್ತಿದ್ದುದು ನೆನಪಿದೆಯೇ? ಅದು ಬೇಕೆಂದೇ ಹಾಕಿದ ವೇಷ. ಮೊದಲು ಸಿಡಿಯಂತೆ ನಟಿಸಿ ತನ್ನ ತಂತ್ರಾಂಶವನ್ನು ತಾನೇ ಸ್ಥಾಪಿಸಿಕೊಳ್ಳುತ್ತಿತ್ತು. ಆಮೇಲಷ್ಟೇ ಮೋಡೆಮ್ ಆಗುತ್ತಿತ್ತು.

● ಜಿಯೊ ಜಾಲದ ಬೇರು ಇರುವುದು 2010ರ ಬ್ರಾಡ್‌ಬ್ಯಾಂಡ್ ತರಂಗಗುಚ್ಛ ಹರಾಜಿನಲ್ಲಿ. ಸುಮಾರು ₹12,848 ಕೋಟಿಗೆ ದೇಶದ 22 ವಲಯಗಳನ್ನೂ ಗೆದ್ದ ಇನ್ಫೋಟೆಲ್ ಕಂಪನಿಯನ್ನು ರಿಲಯನ್ಸ್ ಕೊಂಡಿತು. ಮೊದಲಿಗೆ ಆ ಪರವಾನಗಿ ಇದ್ದದ್ದು ಇಂಟರ್ನೆಟ್‌ಗೆ ಮಾತ್ರ; ಮಾತನಾಡುವ ಸೇವೆಗೆ ದಾರಿ ತೆರೆದದ್ದು 2013ರಲ್ಲಿ.

● ಅದೇ ಜಿಯೊ 2022ರಲ್ಲಿ 4ಜಿ ಅಡಕವಾದ 'ಜಿಯೊಬುಕ್' ತಂದಿತು. 2023ರ ಜುಲೈನಲ್ಲಿ ಬಂದ ಅದರ ಹೊಸ ಆವೃತ್ತಿಯ ಬೆಲೆ ₹16,499, ತೂಕ 990 ಗ್ರಾಂ. ಸಿಮ್ ಎಂದರೆ ದುಬಾರಿ ಲ್ಯಾಪ್‌ಟಾಪ್‌ಗಳ ಸೊತ್ತು ಎಂಬ ಮಾತನ್ನು ತಲೆಕೆಳಗು ಮಾಡಿದ ಯಂತ್ರವಿದು. ಆದರೆ ವಿಂಡೋಸ್ ಇಲ್ಲ, ಜಿಯೊದ್ದೇ ಕಾರ್ಯಾಚರಣೆ ವ್ಯವಸ್ಥೆ.

● ಒಬ್ಬರ ಹೆಸರಿನಲ್ಲಿ ನಮ್ಮ ದೇಶದ ಬಹುಭಾಗದಲ್ಲಿ ಇರಬಹುದಾದ ಸಿಮ್‌ಗಳು ಒಂಬತ್ತು. ಜಮ್ಮು-ಕಾಶ್ಮೀರ, ಅಸ್ಸಾಂ ಹಾಗೂ ಈಶಾನ್ಯ ರಾಜ್ಯಗಳಲ್ಲಿ ಆರು. ಲ್ಯಾಪ್‌ಟಾಪ್‌ನೊಳಗೆ ನಿಮ್ಮ ಸಿಮ್ ಹಾಕಿಟ್ಟರೆ ಅದೂ ಈ ಲೆಕ್ಕಕ್ಕೆ ಸೇರುತ್ತದೆ.

ಜಾಲಕ್ಕೂ ಆಯುಸ್ಸುಂಟು

● ಏರ್‌ಟೆಲ್ 3ಜಿ ಬೆಂಗಳೂರಿಗೆ ಬಂದದ್ದು 2011ರ ಜನವರಿಯಲ್ಲಿ. 2020ರ ಹೊತ್ತಿಗೆ ಕಂಪನಿ ಅದನ್ನು ದೇಶದೆಲ್ಲೆಡೆ ನಿಲ್ಲಿಸಿತು. ಸೋಜಿಗವೆಂದರೆ, ಅದಕ್ಕೂ ಹಳೆಯದಾದ 2ಜಿ ಉಳಿಯಿತು. ಸಾದಾ ಫೋನುಗಳ ಕರೆಗಳು ಅದನ್ನೇ ನೆಚ್ಚಿಕೊಂಡಿದ್ದವು.

● 2009ರ ಸುಮಾರಿಗೆ ಇಂಟೆಲ್ ಕೆಲವು ಲ್ಯಾಪ್‌ಟಾಪ್‌ಗಳಿಗೆ ವೈಫೈ ಜತೆ ವೈಮ್ಯಾಕ್ಸ್ ಎಂಬ ಮೊಬೈಲ್ ನೆಟ್ ತಂತ್ರಜ್ಞಾನವನ್ನೂ ಸೇರಿಸಿತು. 4ಜಿ ಎಂದರೆ ಅದೇ ಎಂಬ ನಂಬಿಕೆ. ಪಂದ್ಯ ಗೆದ್ದದ್ದು ಅದರ ಎದುರಾಳಿ ಎಲ್‌ಟಿಇ. ಅಮೆರಿಕದ ದೊಡ್ಡ ವೈಮ್ಯಾಕ್ಸ್ ಜಾಲ 2015ರ ನವೆಂಬರ್‌ನಿಂದ ಮುಚ್ಚತೊಡಗಿತು.

● ಅಮೆಜಾನ್‌ನ 2007ರ ಕಿಂಡಲ್‌ನಲ್ಲಿ ಮೊಬೈಲ್ ಸಂಪರ್ಕ ಒಳಗೇ ಇತ್ತು, ಓದುಗರಿಗೆ ತಿಂಗಳ ಬಿಲ್ಲೂ ಇರಲಿಲ್ಲ. ಆದರೆ ಅಮೆರಿಕದಲ್ಲಿ ಎಟಿ ಅಂಡ್ ಟಿ 3ಜಿ 2022ರ ಫೆಬ್ರುವರಿಯಲ್ಲಿ, ವೆರೈಜಾನ್ 3ಜಿ ಅದೇ ವರ್ಷದ ಕೊನೆಗೆ ನಿಂತವು. ಹಳೆಯ 3ಜಿ ಕಿಂಡಲ್‌ಗಳು ಗಟ್ಟಿಮುಟ್ಟಾಗಿದ್ದರೂ ಆ ಸಂಪರ್ಕ ಕಳೆದುಕೊಂಡವು.

ಒಳಗಿನ ಗುಟ್ಟು

● ಮೋಡೆಮ್ ಚಿಪ್‌ನ ಬೆಲೆಯ ಜತೆ ಪೇಟೆಂಟ್ ಶುಲ್ಕವೂ ಬೀಳುತ್ತದೆ. ಕ್ವಾಲ್‌ಕಾಮ್ ಪ್ರಕಟಿಸಿದ ದರದಂತೆ, 5ಜಿಯ ಜತೆ ಹಳೆಯ ತಲೆಮಾರುಗಳೂ ನಡೆಯುವ ಫೋನಿಗೆ ಅದರ ಮಾರಾಟ ಬೆಲೆಯ ಶೇ 3.25; ಬೆಲೆ ಎಷ್ಟೇ ಇರಲಿ, 400 ಡಾಲರ್‌ಗಿಂತ ಮೇಲೆ ಲೆಕ್ಕವಿಲ್ಲ. ಇದು ಒಂದು ಕಂಪನಿಯ ಪಾಲು ಮಾತ್ರ!

● ಗ್ರಾಹಕರು ತೆರುವುದು ಇನ್ನೂ ಹೆಚ್ಚು. 2010ರ ಮೊದಲ ಐಪ್ಯಾಡ್‌ನ ವೈಫೈ ಮಾದರಿಗೆ 499 ಡಾಲರ್, 3ಜಿ ಮಾದರಿಗೆ 629. ವ್ಯತ್ಯಾಸ 130 ಡಾಲರ್.

● ಐಪ್ಯಾಡ್‌ಗೆ ಸಿಮ್ ಕೊಟ್ಟ ಆಪಲ್, 2025 ಮುಗಿಯುವವರೆಗೆ ಒಂದೇ ಒಂದು ಮ್ಯಾಕ್‌ಬುಕ್‌ಗೂ ಕೊಟ್ಟಿರಲಿಲ್ಲ. ಯೋಚಿಸಿದ್ದಂತೂ ನಿಜ: 3ಜಿ ಆಂಟೆನಾ ಇದ್ದ 2007ರ ಮಾದರಿಯ ಪರೀಕ್ಷಾ ಯಂತ್ರವೊಂದು 2011ರಲ್ಲಿ ಹರಾಜಿನ ಜಾಲತಾಣದಲ್ಲಿ ಪ್ರತ್ಯಕ್ಷವಾಗಿತ್ತು.

● ಒಳಗಿನ ಮೋಡೆಮ್‌ನ ದೊಡ್ಡ ಬಲ ಆಂಟೆನಾ. 4ಜಿಗೆ ಸಾಮಾನ್ಯವಾಗಿ ಎರಡು, 5ಜಿಗೆ ನಾಲ್ಕು. ಅಗಲವಾದ ಮೈಯುದ್ದಕ್ಕೂ ಇವನ್ನು ದೂರದೂರ ಇಡಬಹುದು. ಫೋನಿನಲ್ಲಿ ಅಷ್ಟು ಜಾಗವಿಲ್ಲ.

● ಹಾಟ್‌ಸ್ಪಾಟ್ ಹಾಕಿದ ಫೋನ್ ಏಕೆ ಬಿಸಿಯಾಗುತ್ತದೆ? ಅದು ಟವರ್ ಜತೆ ಒಂದು ರೇಡಿಯೊ, ಲ್ಯಾಪ್‌ಟಾಪ್ ಜತೆ ಇನ್ನೊಂದು ರೇಡಿಯೊ ನಡೆಸುತ್ತಿರುತ್ತದೆ. ಬ್ಯಾಟರಿ ಬೇಗ ಇಳಿಯುವುದೂ ಇದರಿಂದಲೇ.

● ಸಿಮ್ ಮೋಡೆಮ್ ಇರುವ ಲ್ಯಾಪ್‌ಟಾಪ್‌ಗೂ ಫೋನಿನಂತೆ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ. ಇಂಥ ಹಲವು ಮೋಡೆಮ್‌ಗಳಲ್ಲಿ ಜಿಪಿಎಸ್ ಕೂಡ ಇರುತ್ತದೆ.

● ಕಳುವಾದ ಲ್ಯಾಪ್‌ಟಾಪ್‌ಗೆ ಎಸ್‌ಎಂಎಸ್ ಕಳಿಸಿ ಅದನ್ನು ನಿಷ್ಕ್ರಿಯಗೊಳಿಸುವ ವ್ಯವಸ್ಥೆಯನ್ನು ಲೆನೊವೊ 2008ರಲ್ಲೇ ಪ್ರಕಟಿಸಿತ್ತು. ಅದಕ್ಕೆ ಒಳಗೆ ಸಿಮ್ ಇರಲೇಬೇಕಿತ್ತು.

● ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸಿಮ್ ಕಿಂಡಿ ಕಾಣುತ್ತದೆ, ಸಿಮ್ ಹಾಕಿದರೆ ಏನೂ ಆಗುವುದಿಲ್ಲ. ಮೋಡೆಮ್ ಇರುವ, ಇಲ್ಲದ ಮಾದರಿಗಳೆರಡಕ್ಕೂ ಒಂದೇ ಚೌಕಟ್ಟು ಬಳಸುವುದರಿಂದ ಹೀಗೆ.

● ಬೇರೆ ಮೋಡೆಮ್ ಕಾರ್ಡ್ ತಂದು ಕೂರಿಸೋಣವೆಂದರೆ ಹಳೆಯ ಥಿಂಕ್‌ಪ್ಯಾಡ್‌ಗಳು '1802' ಎಂಬ ದೋಷಸಂಖ್ಯೆ ತೋರಿಸಿ, ಕಾರ್ಡ್ ತೆಗೆಯುವವರೆಗೆ ಶುರುವಾಗಲು ಒಪ್ಪುತ್ತಿರಲಿಲ್ಲ. ರೇಡಿಯೊ ಪ್ರಮಾಣಪತ್ರ ಕಾರ್ಡ್ ಮತ್ತು ಆಂಟೆನಾದ ಜೋಡಿಗೆ ಸೇರಿದ್ದು ಎಂಬುದು ಅದಕ್ಕಿರುವ ಸಮರ್ಥನೆ.

ಹಾಗಾದರೆ ಬೇಕೇ?

● 2016ರಲ್ಲಿ ಗ್ರಾಹಕ ಸಾಧನಗಳ ಇ-ಸಿಮ್ ಮಾನದಂಡ ಬಂದಮೇಲೆ ಒಂದು ಹಳೆಯ ಅಡ್ಡಿ ಸಡಿಲವಾಗಿದೆ: ಪ್ಲಾಸ್ಟಿಕ್ ಚೂರು ಬದಲಿಸದೆಯೇ ಕಂಪನಿ ಬದಲಿಸಬಹುದು. 2020ರಲ್ಲಿ 5ಜಿ ಲ್ಯಾಪ್‌ಟಾಪ್ ಕೂಡ ಬಂತು, ಲೆನೊವೊದ್ದೇ.

● ಆದರೂ ಎಲ್ಲ ಲ್ಯಾಪ್‌ಟಾಪ್‌ಗೂ ಮೋಡೆಮ್ ಕಡ್ಡಾಯವಾಗುವುದು ಬೇಡ. ದಿನವಿಡೀ ಊರೂರು ತಿರುಗುವ ಎಂಜಿನಿಯರಿಗೆ, ಬಸ್ಸಿನಲ್ಲೇ ವರದಿ ಕಳಿಸುವ ಪತ್ರಕರ್ತೆಗೆ ಅದು ವರ. ಮನೆಯ ವೈಫೈ ಬಿಟ್ಟು ಕದಲದ ವಿದ್ಯಾರ್ಥಿಗೆ ದಂಡದ ಖರ್ಚು. ಎಲ್ಲದರಲ್ಲೂ ಇರಬೇಕಾದ್ದು ಆಂಟೆನಾ ಮತ್ತು ಖಾಲಿ ಕಿಂಡಿ. ಅದರಲ್ಲಿ ನಮಗೆ ಬೇಕಾದ ಮೋಡೆಮ್ ಕಾರ್ಡ್ ಹಾಕಿಕೊಳ್ಳುವ ಸ್ವಾತಂತ್ರ್ಯ. ಜಾಲ ಬದಲಾದಾಗ ಕಾರ್ಡ್ ಬದಲಿಸಿದರಾಯಿತು, ಲ್ಯಾಪ್‌ಟಾಪ್ ಅಲ್ಲ.

● ನಿಮ್ಮದರಲ್ಲಿ ಮೋಡೆಮ್ ಇದೆಯೇ? ವಿಂಡೋಸ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ 'ಸೆಲ್ಯುಲಾರ್' ಎಂಬ ಸಾಲು ಕಂಡರೆ ಇದೆ. ಹೊಸದು ಕೊಳ್ಳುವಾಗ ವಿವರಪಟ್ಟಿಯಲ್ಲಿ 'ಡಬ್ಲ್ಯುವ್ಯಾನ್' (WWAN, ಅಂದರೆ ಮೊಬೈಲ್ ನೆಟ್ ಸಂಪರ್ಕ) ಹುಡುಕಿ. ಬರೀ 'ರೆಡಿ' ಎಂದಿದ್ದರೆ ಆಂಟೆನಾ ಇದೆಯೇ, ಮುಂದೆ ಹಾಕಿಕೊಳ್ಳುವ ಕಾರ್ಡನ್ನು ಯಂತ್ರ ಒಪ್ಪುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.