ಗಾಂಜಾ ಕೇಸಿಗೆ ಜಾಮೀನೇ ಇಲ್ಲವೇ?

‘ಎನ್‌ಡಿಪಿಎಸ್ ಹಾಕಿದ್ದಾರಂತೆ, ಇನ್ನು ಕೇಸು ಮುಗಿಯುವವರೆಗೂ ಒಳಗೇ.’ ಕೋರ್ಟ್ ಆವರಣದಲ್ಲಿ ಪುಕ್ಕಟೆ ಸಿಗುವ ಈ ಸಲಹೆ ಅರ್ಧ ಮಾತ್ರ ನಿಜ. ಎನ್‌ಡಿಪಿಎಸ್ ಎಂದರೆ ಮಾದಕ ವಸ್ತುಗಳ ಕಾಯ್ದೆ. 1985ರ ಈ ಕಾಯ್ದೆಯ 37ನೇ ಕಲಮು ಜಾಮೀನನ್ನು ಬಿಗಿ ಮಾಡಿರುವುದು ಹೌದು. ಸರ್ಕಾರಿ ವಕೀಲರಿಗೆ ಆಕ್ಷೇಪಣೆಗೆ ಅವಕಾಶ ಕೊಡಬೇಕು. ಅವರು ವಿರೋಧಿಸಿದರೆ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಆಧಾರವಿದೆ, ಹೊರಬಂದು ಮತ್ತೆ ಅಪರಾಧ ಮಾಡಲಾರ ಎಂಬೆರಡೂ ನ್ಯಾಯಾಧೀಶರಿಗೆ ಮನದಟ್ಟಾಗಬೇಕು. ಆದರೆ ಈ ಬಿಗಿ ಮುಖ್ಯವಾಗಿ ವಾಣಿಜ್ಯ ಪ್ರಮಾಣದ ಮಾಲಿಗೆ, ಜೊತೆಗೆ ದಂಧೆಗೆ ಹಣ ಹೂಡುವಂಥ ಕೆಲವು ಅಪರಾಧಗಳಿಗೆ. ಗಾಂಜಾ ಆದರೆ 20 ಕೆ.ಜಿ. ದಾಟಬೇಕು, ಹೆರಾಯಿನ್ 250 ಗ್ರಾಂ, ಎಂಡಿಎಂಎ ಬರೀ 10 ಗ್ರಾಂ. ಎರಡು ಕೆ.ಜಿ. ಗಾಂಜಾದೊಂದಿಗೆ ಸಿಕ್ಕವನ ಅರ್ಜಿಯನ್ನು ಮಾಮೂಲಿ ಜಾಮೀನಿನ ಅಳತೆಯಲ್ಲೇ ನೋಡಬೇಕು.

ಹಾಗಾಗಿ ಜಗಳವೆಲ್ಲ ತೂಕದ್ದು. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬೀಜ, ಎಲೆ ಅದರಲ್ಲಿ ಸೇರುವುದಿಲ್ಲ. ಮಹಜರಿನಲ್ಲಿ ಗಿಡವನ್ನು ಬುಡಸಮೇತ ತೂಗಿದ್ದರೆ ವಕೀಲರು ಅಲ್ಲೇ ಪಟ್ಟು ಹಿಡಿಯುತ್ತಾರೆ. ‘ಕಲಬೆರಕೆ ಪುಡಿಯಲ್ಲಿ ಶುದ್ಧ ಅಂಶವಷ್ಟೇ ಲೆಕ್ಕ’ ಎಂಬ ವಾದ ಮಾತ್ರ ಈಗ ನಡೆಯದು. ಇಡೀ ಮಿಶ್ರಣದ ತೂಕವೇ ಲೆಕ್ಕ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

‘ಅಧಿಕಾರಿ ಮುಂದೆ ಒಪ್ಪಿ ಸಹಿ ಹಾಕಿದ್ದಾನೆ, ಕಥೆ ಮುಗೀತು’ ಎನ್ನುವುದೂ ತಪ್ಪು. 67ನೇ ಕಲಮಿನ ಅಂಥ ಹೇಳಿಕೆ ತಪ್ಪೊಪ್ಪಿಗೆಯಾಗಿ ನಿಲ್ಲುವುದಿಲ್ಲವೆಂದು ಅದೇ ವರ್ಷ ತೀರ್ಪಾಗಿದೆ.

ಇನ್ನು ವಿಚಾರಣೆ ಎಳೆದರೆ? 2023ರಲ್ಲಿ ಸುಪ್ರೀಂ ಕೋರ್ಟ್, ಗಾಂಜಾ ಪ್ರಕರಣದಲ್ಲಿ ಏಳು ವರ್ಷಕ್ಕೂ ಮೇಲ್ಪಟ್ಟು ಒಳಗಿದ್ದವನಿಗೆ ಜಾಮೀನು ಕೊಟ್ಟಿತು. ವಿಪರೀತ ವಿಳಂಬವಾದಾಗ 37ನೇ ಕಲಮು ಅಡ್ಡಬಾರದು ಎಂಬುದು ಅದರ ನಿಲುವು. ಏಳು ವರ್ಷ ಕಾದ ಮೇಲೆ ಸಿಕ್ಕಿದ್ದನ್ನು ಉದಾರತೆ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಮನೆಯವರು ಕೈಬಿಡುವುದು ಹೆಚ್ಚಾಗಿ ಒಂದು ತಾರೀಖನ್ನು. ವಾಣಿಜ್ಯ ಪ್ರಮಾಣದ ಕೇಸಿನಲ್ಲಿ ದೋಷಾರೋಪ ಪಟ್ಟಿಗೆ 180 ದಿನ ಗಡುವು. ಸರ್ಕಾರಿ ವಕೀಲರು ಕಾರಣ ತೋರಿಸಿದರೆ ಕೋರ್ಟ್ ಅದನ್ನು ಒಂದು ವರ್ಷದವರೆಗೆ ಹಿಗ್ಗಿಸಬಹುದು. ಗಡುವು ಮೀರಿದರೆ ಜಾಮೀನು ಆರೋಪಿಯ ಹಕ್ಕು. ಆದರೆ ಕೇಳದೆ ಸಿಗುವುದಿಲ್ಲ, ಅರ್ಜಿಗೆ ಮೊದಲೇ ಪಟ್ಟಿ ಬಂದುಬಿಟ್ಟರೆ ಆ ಹಕ್ಕೂ ಹೋಯಿತು. ಈ ಗಡುವಿನ ಎಣಿಕೆಗಾಗಿ ಮೊದಲ ರಿಮಾಂಡ್ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿರುವವರಿಗೆ ಅಲ್ಲಿ ಆದಾಯ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ.