ಕೀವಿನಲ್ಲಿ ಕಂಡ ಕಾಫಿ ಬೀಜ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಗಂಡಸಿಗೆ ಮೂತ್ರ ಉರಿದರೆ ‘ಉಷ್ಣ ಆಗಿದೆ’ ಎಂದು ಎಳನೀರು ಕುಡಿಯುತ್ತಾನೆ. ಬಟ್ಟೆಯ ಮೇಲೆ ಹಳದಿ ಕಲೆ ಕಂಡರೆ ‘ಧಾತು ಹೋಗ್ತಿದೆ’ ಎಂದು ಒಳಗೊಳಗೇ ಹೆದರುತ್ತಾನೆ. ಅವನನ್ನು ಕಂಡು ನಗಬೇಡಿ. ಗ್ರೀಕ್ ವೈದ್ಯ ಗ್ಯಾಲೆನ್ ಕೂಡ ಹಾಗೇ ಅಂದುಕೊಂಡಿದ್ದ. ಲೈಂಗಿಕ ಸಂಪರ್ಕದಿಂದ ಹರಡುವ ಈ ರೋಗದ ಹೆಸರು ಗೊನೋರಿಯಾ; ಆ ಹೆಸರಿನ ಅರ್ಥವೇ ಬೀಜ ಸೋರುವುದು. ಸೋರುವುದು ಧಾತುವಲ್ಲ, ಕೀವು. ಆ ಕೀವಿನೊಳಗೆ ಏನಿದೆ ಎಂದು ಕಣ್ಣಾರೆ ಕಂಡದ್ದು 1879ರಲ್ಲಿ.

ಅದಕ್ಕೂ ಮುಂಚೆ ಇನ್ನೊಂದು ಗೋಜಲಿತ್ತು. ನಮ್ಮ ಹಿರಿಯರು ಪರಂಗಿ ಹುಣ್ಣು ಎನ್ನುತ್ತಿದ್ದ ಸಿಫಿಲಿಸ್ ಮತ್ತು ಗೊನೋರಿಯಾ ಎರಡೂ ಒಂದೇ ಎಂದು ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1786ರಲ್ಲಿ ಬರೆದ. ದೊಡ್ಡವರ ಮಾತು, ಯಾರು ತಳ್ಳಿಹಾಕಿಯಾರು? ಪ್ಯಾರಿಸ್ಸಿನ ಫಿಲಿಪ್ ರಿಕಾರ್ 1838ರಲ್ಲಿ ಎರಡನ್ನೂ ಬೇರ್ಪಡಿಸಿ ತೋರಿಸಿದ.

ಆಲ್ಬರ್ಟ್ ನೈಸರ್‌ಗೆ 1879ರಲ್ಲಿ 24 ವರ್ಷ. ಇಂದು ಪೋಲೆಂಡಿನಲ್ಲಿರುವ ಬ್ರೆಸ್ಲಾವಿನ ಚರ್ಮರೋಗ ಚಿಕಿತ್ಸಾಲಯದಲ್ಲಿ ಸಹಾಯಕ. ಕೀವನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ನೇರಳೆ ಬಣ್ಣ ಹಾಕಿ, ಆಗಷ್ಟೇ ಬಂದಿದ್ದ ಜೈಸ್ ಕಂಪನಿಯ ಸೂಕ್ಷ್ಮದರ್ಶಕದಲ್ಲಿ ನೋಡಿದ. ಅವನು ಕಂಡದ್ದನ್ನು ಚಿಕ್ಕಮಗಳೂರು ಜಿಲ್ಲೆಯವರಿಗೆ ಹೇಳುವುದು ಸುಲಭ: ಎರಡು ಕಾಫಿ ಬೀಜಗಳ ಚಪ್ಪಟೆ ಮುಖಗಳನ್ನು ಎದುರುಬದುರು ಇಟ್ಟಂತೆ, ಜೋಡಿ ಜೋಡಿ ಜೀವಿಗಳು. ಗಂಡಸರ ಕೀವಿನಲ್ಲಿ, ಹೆಂಗಸರ ಕೀವಿನಲ್ಲಿ, ಹುಟ್ಟಿದ ಕೂಸುಗಳ ಊದಿದ ಕಣ್ಣಿನ ಕೀವಿನಲ್ಲಿ, ಎಲ್ಲೆಲ್ಲೂ ಅದೇ ಜೋಡಿ.

ಈ ಕತೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಆ ಕೂಸಿನ ಕಣ್ಣಿನಲ್ಲಿ. ತಾಯಿಗೆ ರೋಗವಿದ್ದರೆ ಹೆರಿಗೆಯ ಹೊತ್ತಿನಲ್ಲೇ ಮಗುವಿನ ಕಣ್ಣಿಗೆ ತಗುಲಿ, ದೃಷ್ಟಿಯನ್ನೇ ಕಳೆಯುತ್ತಿತ್ತು. ಲೈಪ್ಜಿಗ್ ಹೆರಿಗೆ ಆಸ್ಪತ್ರೆಯ ಕಾರ್ಲ್ ಕ್ರೆಡೆ 1880ರಲ್ಲಿ ಪ್ರತಿ ಕೂಸಿನ ಕಣ್ಣಿಗೂ ಶೇ. 2ರ ಸಿಲ್ವರ್ ನೈಟ್ರೇಟ್ ಹನಿ ಹಾಕಿಸಿದ. ನೂರಕ್ಕೆ ಹತ್ತರಷ್ಟಿದ್ದ ಕಣ್ಣುಬೇನೆ ಒಂದಕ್ಕಿಂತ ಕೆಳಗಿಳಿಯಿತು.

ನೈಸರನನ್ನು ಪೂರ್ತಿ ಹೊಗಳಲಾರೆ. 1892ರಲ್ಲಿ ಆತ ಸಿಫಿಲಿಸ್ ರೋಗಿಗಳ ರಕ್ತದ್ರವವನ್ನು ಹೆಣ್ಣುಮಕ್ಕಳಿಗೆ, ಅವರನ್ನು ಒಂದು ಮಾತೂ ಕೇಳದೆ ಚುಚ್ಚಿದ. ಅವರಲ್ಲಿ ಹಲವರು ವೇಶ್ಯೆಯರು. ಅದು ಅನ್ಯಾಯ. ಅದರಿಂದ ಎದ್ದ ಗದ್ದಲದ ಫಲವಾಗಿಯೇ ರೋಗಿಯ ಒಪ್ಪಿಗೆ ಬೇಕೆಂಬ ಆದೇಶವನ್ನು, ಬ್ರೆಸ್ಲಾವ್ ಆಗ ಸೇರಿದ್ದ ಪ್ರಷ್ಯಾದ ಸರ್ಕಾರ 1900ರಲ್ಲಿ ಹೊರಡಿಸಿತು.

1884ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಕಂಡುಹಿಡಿದ ಬಣ್ಣದ ವಿಧಾನ ಇಂದಿಗೂ ಲ್ಯಾಬುಗಳಲ್ಲಿದೆ. ನೈಸರ್ ಕಂಡ ಜೀವಿ ಅದರಲ್ಲಿ ನೇರಳೆಯನ್ನು ಹಿಡಿದಿಟ್ಟುಕೊಳ್ಳದೆ ಗುಲಾಬಿಯಾಗುತ್ತದೆ. ಕೀವು ಸುರಿಯುತ್ತಿರುವ ಗಂಡಸಿನಲ್ಲಿ ಬಿಳಿ ರಕ್ತಕಣದೊಳಗೆ ಗುಲಾಬಿ ಜೋಡಿ ಕಂಡರೆ ರೋಗ ಖಚಿತ. ಕೆಲವೇ ನಿಮಿಷದ ಕೆಲಸ. ಹೆಂಗಸರಲ್ಲಿ ಸುಮಾರು ಅರ್ಧದಷ್ಟು ರೋಗ ಈ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಅನೇಕರಿಗೆ ಲಕ್ಷಣವೇ ಇರುವುದಿಲ್ಲ, ಒಳಗೆ ಗರ್ಭನಾಳ ಮುಚ್ಚಿ ಬಂಜೆತನ ಬರಬಹುದು. ಆ ಬಂಜೆತನಕ್ಕೆ ಊರು ಬೈಯುವುದು ಯಾರನ್ನು ಎಂದು ಹೇಳಬೇಕಾಗಿಲ್ಲ.

ಔಷಧಿಯ ಕತೆ ಓಟದ ಕತೆ. 1930ರ ದಶಕದ ಸಲ್ಫಾ ಹತ್ತು ವರ್ಷದಲ್ಲಿ ಸೋತಿತು. 1943ರಿಂದ ಪೆನಿಸಿಲಿನ್ ಗೆದ್ದಿತು. 1976ರಲ್ಲಿ ಅದನ್ನೂ ಮುರಿಯುವ ತಳಿಗಳು ಸಿಕ್ಕವು. ಸಿಪ್ರೊಫ್ಲಾಕ್ಸಾಸಿನ್ ಕೂಡ ಕೈಕೊಟ್ಟಿತು. ಮೆಡಿಕಲ್ ಶಾಪಿನಲ್ಲಿ ಪಿಸುಗುಟ್ಟಿ ಎರಡು ಮಾತ್ರೆ ಕೊಳ್ಳುವುದು ಈ ಓಟದಲ್ಲಿ ರೋಗಾಣುವಿಗೆ ಮಾಡುವ ಉಪಕಾರ. ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಇದಕ್ಕೆಂದು ಬೂದುಬಣ್ಣದ ಕಿಟ್ ಇದೆ: ಸೆಫಿಕ್ಸಿಮ್ ಮತ್ತು ಅಜಿತ್ರೊಮೈಸಿನ್, ಒಂದೇ ಸಲಕ್ಕೆ. ವೈದ್ಯರು ನೋಡಿ ಕೊಡುತ್ತಾರೆ. ಹಣ ಕೊಡಬೇಕಿಲ್ಲ, ಗುಟ್ಟು ರಟ್ಟಾಗುವುದಿಲ್ಲ.

ಉರಿ ಶುರುವಾದರೆ ಎಳನೀರಿಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಿ.